ಆಷಾಢದ ತಲಕಾಡು

ನಮ್ಮ ನಾಡಿನಲ್ಲಿ ಯಾತ್ರೆಗೆ ಕಾಲನಿಯಮವುಂಟು. ದೇವರು ಸರ್ವಕಾಲದಲ್ಲಿಯೂ ಇರುವನೆಂದು ಶಾಸ್ತ್ರವು ಎಷ್ಟು ಹೇಳಿದರೂ ಜನರು ಅವನ ದರ್ಶನಕ್ಕೆ ಹೊರಡುವುದು ಪಂಚಾಂಗವನ್ನು ನೋಡಿಯೇ. ರಥೋತ್ಸವದ ದಿವಸ ಕಾಲಿಡಲು ಸ್ಥಳವಿಲ್ಲದ ಬೀದಿಯಲ್ಲಿ ಮರುವಾರ ಹಸುವೊಂದು ಮಲಗಿ ಮೆಲುಕು ಹಾಕುತ್ತಿರುವುದು. ಇದರಲ್ಲಿ ತಪ್ಪೇನೂ ಇಲ್ಲ. ಹತ್ತು ಜನರೊಡನೆ ಕೂಡಿ ನೋಡಿದ ದೇವರು ಒಬ್ಬನೇ ನಿಂತು ನೋಡಿದ ದೇವರಿಗಿಂತ ದೊಡ್ಡವನಾಗಿ ಕಾಣುವುದು ಮನುಷ್ಯಸ್ವಭಾವ. ಆದರೆ ಜಾತ್ರೆಯ ಕಾಲದಲ್ಲಿ ಹೋದವನು ಜಾತ್ರೆಯನ್ನು ನೋಡಿ ಬರುತ್ತಾನಲ್ಲದೆ ಊರನ್ನು ನೋಡಿ ಬರುವುದಿಲ್ಲ. ಊರನ್ನು ನೋಡಬೇಕಾದರೆ ಯಾರೂ ಹೋಗದ ಕಾಲದಲ್ಲಿ ಹೋಗಬೇಕು. ತಲಕಾಡಿನ ವಿಷಯದಲ್ಲಿ ಈ ಮಾತು ವಿಶೇಷವಾಗಿ ನಿಜ. ಏಕೆಂದರೆ ಆ ಊರನ್ನು ಈಗಿನ ಸ್ಥಿತಿಗೆ ತಂದ ಗಾಳಿ ಬೀಸುವುದು ಜಾತ್ರೆಯ ಕಾರ್ತಿಕದಲ್ಲಲ್ಲ, ಯಾರೂ ಶುಭಕಾರ್ಯಕ್ಕೆ ಕೈಹಾಕದ ಆಷಾಢದಲ್ಲಿ.

ತಲಕಾಡಿನ ದೊಡ್ಡ ಜಾತ್ರೆ ಪಂಚಲಿಂಗದರ್ಶನ. ವೈದ್ಯೇಶ್ವರ, ಅರ್ಕೇಶ್ವರ, ಪಾತಾಳೇಶ್ವರ, ಮರುಳೇಶ್ವರ, ಮುಡುಕುತೊರೆಯ ಮಲ್ಲಿಕಾರ್ಜುನ ಎಂಬ ಐದು ಲಿಂಗಗಳನ್ನು ಒಂದೇ ದಿನದಲ್ಲಿ ಕ್ರಮವಾಗಿ ನೋಡುವುದೇ ಇದರ ವಿಧಿ. ಕಾರ್ತಿಕ ಮಾಸದ ಸೋಮವಾರದಲ್ಲಿ ನಿಯತವಾದ ತಿಥಿನಕ್ಷತ್ರಗಳು ಕೂಡಿದಾಗ ಮಾತ್ರ ಇದು ನಡೆಯುವುದರಿಂದ ವರ್ಷಕ್ಕೊಮ್ಮೆ ಬರುವ ಹಬ್ಬದಂತೆ ಇದನ್ನು ಎಣಿಸುವ ಹಾಗಿಲ್ಲ. 2006ರಲ್ಲಿ ಆಯಿತು, ಮೂರು ವರ್ಷಗಳ ಬಳಿಕ 2009ರಲ್ಲಿ, ಅಲ್ಲಿಂದ ನಾಲ್ಕು ವರ್ಷಕ್ಕೆ 2013ರಲ್ಲಿ, ಅಲ್ಲಿಂದ ಏಳು ವರ್ಷಕ್ಕೆ 2020ರಲ್ಲಿ ಆಯಿತು. ಗ್ರಹಗಳಿಗೆ ಅವಸರವಿಲ್ಲ. ಅವಸರವಿರುವುದು ಮನುಷ್ಯನ ಆಯುಸ್ಸಿಗೆ.

ಈ ಕೊನೆಯ ಮಾತನ್ನು ನನಗೆ ಮನವರಿಕೆ ಮಾಡಿಕೊಟ್ಟವರು ನನ್ನ ಸೋದರತ್ತೆಯವರು. ಅವರಿಗೆ ಎಂಬತ್ತು ದಾಟಿದೆ. ಮದುವೆಯಾಗಿ ಬಂದ ಹೊಸದರಲ್ಲಿ ಅವರ ಅತ್ತೆ ಪಂಚಲಿಂಗಕ್ಕೆ ಹೋಗಿಬಂದು ಹೇಳಿದ ಕಥೆಯನ್ನು ಕೇಳಿ, ತಾವೂ ಒಮ್ಮೆ ಹೋಗಬೇಕೆಂದು ಮನಸ್ಸಿನಲ್ಲಿಯೇ ಹರಸಿಕೊಂಡಿದ್ದರಂತೆ. 2009ರಲ್ಲಿ ಮಗಳ ಬಾಣಂತನ ಅಡ್ಡಬಂದಿತು. 2013ರಲ್ಲಿ ನಮ್ಮ ಮಾವನವರು ಹಾಸಿಗೆ ಹಿಡಿದಿದ್ದರು. 2020ರಲ್ಲಿ ಮಹಾಮಾರಿಯ ಭಯದಿಂದ ಸರ್ಕಾರವೇ ಜನಸಂದಣಿಗೆ ಕಟ್ಟು ಹಾಕಿತ್ತು. ಮನೆಯವರು ಈ ವಯಸ್ಸಿನಲ್ಲಿ ಬೀದಿಗೂ ಕಳುಹಿಸಲೊಲ್ಲರು. ಅತ್ತೆಯವರು ಯಾರನ್ನೂ ದೂರಲಿಲ್ಲ. ಪ್ರತಿ ಯುಗಾದಿಯಂದು ಹೊಸ ಪಂಚಾಂಗ ಮನೆಗೆ ಬಂದಾಗ ಕಾರ್ತಿಕದ ಅಮಾವಾಸ್ಯೆ ಯಾವ ವಾರವೆಂದು ಕೇಳುವರು, ಉತ್ತರವನ್ನು ಕೇಳಿ ಸುಮ್ಮನಾಗುವರು, ಅಷ್ಟೆ.

2023ರ ಜೂನ್ ತಿಂಗಳ ಕೊನೆಯಲ್ಲಿ ನಾನು ಮೈಸೂರಿನ ಅವರ ಮನೆಯಲ್ಲಿದ್ದೆ. ಒಂದು ಬೆಳಿಗ್ಗೆ ಅವರು ಸ್ನಾನ ಮುಗಿಸಿ ಬಂದು, “ಇನ್ನು ಆ ಯೋಗ ಬರುವವರೆಗೆ ನಾನು ಕಾಯೋಕ್ಕಾಗೋಲ್ಲ ಕಣೋ. ಈವತ್ತೇ ತಲಕಾಡಿಗೆ ಹೋಗಿಬರೋಣ” ಎಂದರು. ಸೊಸೆ ಗಾಬರಿಯಾಗಿ, ಆಷಾಢ, ಅದರಲ್ಲಿಯೂ ಈ ಗಾಳಿ, ಅಲ್ಲಿ ಈಗ ಏನಿದೆ ಎಂದಳು. “ದೇವರಿದಾನೋ ಇಲ್ಲವೋ ಅಂತ ನೋಡ್ಕೊಂಡು ಬರ್ತೀನಿ” ಎಂದರು ಅತ್ತೆ. ಆ ಮಾತಿಗೆ ಪ್ರತ್ಯುತ್ತರವಿರಲಿಲ್ಲ.

ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಉಚಿತಪ್ರಯಾಣದ ‘ಶಕ್ತಿ’ ಯೋಜನೆ ಅದೇ ಜೂನ್ 11ರಂದು ಆರಂಭವಾಗಿತ್ತು. ಬೆಲೆಯ ಸ್ಥಾನದಲ್ಲಿ ಸೊನ್ನೆಯಿದ್ದ ಟಿಕೆಟ್ಟನ್ನು ಅತ್ತೆಯವರು ಎರಡು ಸಲ ತಿರುಗಿಸಿ ನೋಡಿ ಸೆರಗಿನ ಗಂಟಿಗೆ ಸೇರಿಸಿದರು. ನನ್ನ ಟಿಕೆಟ್ಟಿಗೆ ಹಣ ಕೊಟ್ಟುದನ್ನು ನೋಡಿ ಸ್ವಲ್ಪ ಕನಿಕರಪಟ್ಟರು. ಆ ದಿನಗಳಲ್ಲಿ ಹೆಂಗಸರ ಗುಂಪುಗಳು ಕ್ಷೇತ್ರಗಳಿಗೆಲ್ಲ ಹೊರಟಿದ್ದುವು; ಆದರೆ ಆಷಾಢದಲ್ಲಿ ಮೈಸೂರಿನ ಜನರ ಮುಖವೆಲ್ಲ ಚಾಮುಂಡಿಬೆಟ್ಟದ ಕಡೆಗೆ. ನಮ್ಮ ಬಸ್ಸಿನಲ್ಲಿದ್ದವರು ಸಂತೆ, ಕಚೇರಿ, ಆಸ್ಪತ್ರೆಗಳ ಕೆಲಸವಿದ್ದವರು. ತಿರುಮಕೂಡಲು ನರಸೀಪುರದಲ್ಲಿ ಮುಕ್ಕಾಲು ಪಾಲು ಇಳಿದರು. ಕಾವೇರಿ ಕಪಿಲೆಗಳು ಕೂಡುವ ಆ ಸಂಗಮದಲ್ಲಿ 1989ರಿಂದ ಕುಂಭಮೇಳವೂ ನಡೆಯುತ್ತ ಬಂದಿದೆ. ಆ ದಿವಸವಾದರೋ ಮೆಟ್ಟಿಲಿನ ಮೇಲೆ ಬಟ್ಟೆ ಒಗೆಯುವವರಿಬ್ಬರ ಹೊರತು ಯಾರೂ ಕಾಣಲಿಲ್ಲ. ಮುಂಗಾರು ತಡವಾಗಿದ್ದ ವರ್ಷ. ನದಿ ಮಧ್ಯದಲ್ಲಿ ಸಣ್ಣಗೆ ಹರಿಯುತ್ತಿತ್ತು. ಎರಡೂ ಕಡೆಗಳಲ್ಲಿ ಮರಳು ಬೆತ್ತಲೆಯಾಗಿ ಬಿದ್ದಿತ್ತು.

ಮೈಸೂರಿನಿಂದ ತಲಕಾಡಿಗೆ ಸುಮಾರು 45 ಕಿಲೋಮೀಟರು. ಕಾಲುವೆಯ ನೀರಿನ ಗದ್ದೆ, ತೆಂಗು, ಕಬ್ಬುಗಳ ನಡುವೆ ಸಾಗಿಬಂದ ದಾರಿ ಇದ್ದಕ್ಕಿದ್ದಂತೆ ಒಂದು ಮರಳಿನ ದಿಬ್ಬದ ಬುಡದಲ್ಲಿ ನಿಂತುಬಿಡುತ್ತದೆ. ಬಯಲುಸೀಮೆಯ ನಮ್ಮಂಥವರು ಸಮುದ್ರವನ್ನು ನೋಡುವುದಕ್ಕೆ ಮೊದಲು ಸಮುದ್ರತೀರದ ಹೋಲಿಕೆಯನ್ನು ಕಾಣುವುದು ಇಲ್ಲಿಯೇ. ಬೇಸಿಗೆಯ ರಜೆಯಲ್ಲಿ ಪಟ್ಟಣಗಳ ಜನರು ಮಕ್ಕಳನ್ನು ಕರೆದುಕೊಂಡು ಬಂದು ಹೊಳೆಯಲ್ಲಿ ಮಿಂದು, ತೆಪ್ಪದಲ್ಲಿ ಕುಳಿತು, ಮರಳಿನ ಮೇಲೆ ಉಂಡು ಹೋಗುವುದನ್ನು ನೋಡಿದರೆ ಕಡಲತೀರದ ವಿಹಾರಸ್ಥಾನವೇ ಇದೆನ್ನಬೇಕು. ನಾವು ಹೋದಾಗ ತೆಪ್ಪಗಳು ದಡದ ಮೇಲೆ ಬೋರಲಾಗಿದ್ದುವು. ಅಂಗಡಿಯ ಸಾಲಿನಲ್ಲಿ ಎರಡೇ ತೆರೆದಿದ್ದುವು. ಅದರಲ್ಲೊಂದರ ಹೆಂಗಸು ಹಣ್ಣುಕಾಯಿಯ ತಟ್ಟೆಗಳ ಮೇಲಿನ ಮರಳನ್ನು ಒದ್ದೆಬಟ್ಟೆಯಿಂದ ಒರೆಸುತ್ತಿದ್ದಳು. ಒರೆಸಿ ಮುಗಿಸುವುದರೊಳಗೆ ಮೊದಲಿನ ತಟ್ಟೆಯ ಮೇಲೆ ಮತ್ತೆ ಮರಳು. “ಆಷಾಡ ಕಳೆಯೋಗಂಟ ಇದೇ ಕೆಲ್ಸ ಕಣವ್ವ” ಎಂದು ಅತ್ತೆಯವರಿಗೆ ಹೇಳಿ ನಕ್ಕಳು. ಈ ಊರಿನ ಇತಿಹಾಸವನ್ನು ಇದಕ್ಕಿಂತ ಸಂಕ್ಷೇಪವಾಗಿ ನನಗೆ ಯಾರೂ ಹೇಳಿಲ್ಲ.

ಆ ಇತಿಹಾಸವು ಸಾಮಾನ್ಯವಾದುದಲ್ಲ. ಗಂಗವಾಡಿಯನ್ನು ಆಳಿದ ಗಂಗರು ಮೊದಲು ಕೋಲಾರದಲ್ಲಿದ್ದು ಬಳಿಕ ಇಲ್ಲಿಗೆ ಬಂದು ಇದನ್ನು ರಾಜಧಾನಿ ಮಾಡಿಕೊಂಡರು. ಚರಿತ್ರೆಯಲ್ಲಿ ಅವರ ಹೆಸರೇ ತಲಕಾಡಿನ ಗಂಗರೆಂದಾಯಿತು. ಹನ್ನೊಂದನೆಯ ಶತಮಾನದ ಆದಿಯಲ್ಲಿ ಚೋಳರು ಇದನ್ನು ಗೆದ್ದು ರಾಜರಾಜಪುರವೆಂದು ಕರೆದರು. ಸುಮಾರು 1116ರಲ್ಲಿ ಹೊಯ್ಸಳ ವಿಷ್ಣುವರ್ಧನನು ಚೋಳರನ್ನು ಓಡಿಸಿ ‘ತಲಕಾಡುಗೊಂಡ’ನೆಂಬ ಬಿರುದನ್ನು ತಳೆದು, 1117ರಲ್ಲಿ ಕೀರ್ತಿನಾರಾಯಣನನ್ನು ಪ್ರತಿಷ್ಠೆ ಮಾಡಿದನು, ಬೇಲೂರಿನ ಚೆನ್ನಕೇಶವನಿಗೂ ಅದೇ ವರ್ಷ. ಮುಂದೆ ವಿಜಯನಗರದವರು, ಅವರ ಬಳಿಕ ಮೈಸೂರಿನ ಒಡೆಯರು. ಒಂದು ಊರಿಗಾಗಿ ಇಷ್ಟು ಮಂದಿ ಕಾದಾಡಿದರು. ಕೊನೆಗೆ ಅದನ್ನು ಗೆದ್ದುದು ಮರಳು. ಗಂಗರ ಮಂತ್ರಿ ಚಾವುಂಡರಾಯನು ಶ್ರವಣಬೆಳಗೊಳದ ಬಂಡೆಯ ಮೇಲೆ ಮಾಡಿಸಿದ ಗೊಮ್ಮಟನು ಸಾವಿರ ವರ್ಷಗಳಿಂದ ಬಿಸಿಲಿನಲ್ಲಿ ನಿಂತಿದ್ದಾನೆ. ಅದೇ ಗಂಗರ ರಾಜಧಾನಿ ಹೊಳೆಯ ದಡದಲ್ಲಿದ್ದುದರಿಂದ ಹೂತುಹೋಯಿತು. ಮೂವತ್ತಕ್ಕೂ ಹೆಚ್ಚು ದೇವಾಲಯಗಳು ಈ ದಿಬ್ಬಗಳ ಅಡಿಯಲ್ಲಿ ಇರುವುವೆಂದು ಹೇಳುತ್ತಾರೆ.

ವೈದ್ಯೇಶ್ವರನ ಗುಡಿ ಮರಳಿನ ಅಂಚಿನಲ್ಲಿ ದಿಟ್ಟವಾಗಿ ನಿಂತಿದೆ. ತಲ, ಕಾಡ ಎಂಬ ಇಬ್ಬರು ಬೇಡರು ಮರವೊಂದನ್ನು ಕಡಿಯಲು ಅದರಿಂದ ರಕ್ತ ಸುರಿಯಿತೆಂದೂ, ಅದೇ ಮರದ ಎಲೆ ಕಾಯಿಗಳಿಂದ ಗಾಯಕ್ಕೆ ಮದ್ದು ಮಾಡಬೇಕೆಂದು ಅಶರೀರವಾಣಿಯಾಯಿತೆಂದೂ, ತನ್ನ ಗಾಯಕ್ಕೆ ತಾನೇ ಮದ್ದು ಹೇಳಿದ ಶಿವನು ವೈದ್ಯೇಶ್ವರನಾದನೆಂದೂ ಸ್ಥಳಪುರಾಣ. ಅರ್ಚಕರು ನಮ್ಮನ್ನು ಕಂಡು ಆಶ್ಚರ್ಯದಿಂದ ಎದ್ದುಬಂದರು. ಬೆಳಗಿನಿಂದ ನಾವೇ ಮೊದಲಿಗರೆಂದರು. ಆ ಕತ್ತಲೆಯಲ್ಲಿ ಮಂಗಳಾರತಿಯ ಬೆಳಕು ಲಿಂಗದ ಮೇಲೆ ನಿಧಾನವಾಗಿ ಆಡಿತು. ಅವರಿಗೂ ಅವಸರವಿಲ್ಲ, ನಮಗೂ ಇಲ್ಲ, ಹಿಂದೆ ನೂಕುವವರೂ ಇಲ್ಲ. ಅತ್ತೆಯವರು ತಮ್ಮ ಹರಕೆಯ ಸಂಗತಿಯನ್ನು ಅವರಿಗೆ ಹೇಳಿ, “ಯೋಗ ಇಲ್ಲದ ದಿವಸ ನೋಡಿದರೆ ಫಲ ಉಂಟೇ ಸ್ವಾಮಿ?” ಎಂದು ಕೇಳಿದರು. ಅವರು ಕೂಡಲೇ ಉತ್ತರ ಕೊಡಲಿಲ್ಲ. ತೀರ್ಥ ಕೊಟ್ಟು, ಬಳಿಕ, “ತಾಯಿ, ಯೋಗ ಇರೋದು ಜನಕ್ಕೆ. ಸ್ವಾಮಿಗೆ ದಿನಾಲೂ ಅಭಿಷೇಕ ಆಗ್ತದೆ. ಅವನಿಗೆ ಈ ದಿನ ಬೇರೆ, ಆ ದಿನ ಬೇರೆ ಅಂತ ನಾನು ಹೇಳೋಕ್ಕೆ ಬರೋದಿಲ್ಲ” ಎಂದರು. ಶಾಸ್ತ್ರವನ್ನು ಮೀರದೆ, ಮುದುಕಿಯ ಮನಸ್ಸನ್ನೂ ನೋಯಿಸದೆ ಹೇಳಿದ ಆ ಮಾತಿನ ಸೌಜನ್ಯ ನನಗೆ ಬಹಳ ಹಿಡಿಸಿತು.

ಅಲ್ಲಿಂದ ಮರಳಿನ ದಾರಿ. ಯಾತ್ರಿಕರ ಕಾಲು ಸುಡದಿರಲೆಂದು ದಾರಿಗೆ ಚಾವಣಿ ಹಾಕಿದ್ದಾರೆ. ಎರಡು ಕಡೆಯೂ ನೀಲಗಿರಿಯ ಮರಗಳು. ಅಂದು ಬಿಸಿಲಿಲ್ಲದೆ ಮರಳು ತಣ್ಣಗಿತ್ತು. ಅತ್ತೆಯವರು ನನ್ನ ತೋಳು ಹಿಡಿದು ಹತ್ತು ಹೆಜ್ಜೆ ನಡೆಯುವರು, ನಿಲ್ಲುವರು. ಮರಳಿನಲ್ಲಿ ಒಂದು ಹೆಜ್ಜೆ ಮುಂದಿಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ ಜಾರುವುದು. ಪಾತಾಳೇಶ್ವರನೂ ಮರುಳೇಶ್ವರನೂ ಹೆಸರಿಗೆ ತಕ್ಕಂತೆ ಹಳ್ಳದಲ್ಲಿದ್ದಾರೆ. ಸುತ್ತಲೂ ಮರಳನ್ನು ತೆಗೆದು, ಕುಸಿಯದಂತೆ ಕಟ್ಟಿ, ಇಳಿಯಲು ಮೆಟ್ಟಿಲು ಮಾಡಿದ್ದಾರೆ. ಬೇರೆ ಕ್ಷೇತ್ರಗಳಲ್ಲಿ ದೇವರನ್ನು ಕಾಣಲು ಹತ್ತಬೇಕು, ಇಲ್ಲಿ ಇಳಿಯಬೇಕು. ಇಳಿದು ನಿಂತು ಮೇಲೆ ನೋಡಿದರೆ ಶಿಖರಕ್ಕಿಂತ ಎತ್ತರದಲ್ಲಿ ಮರದ ಬೇರುಗಳು ಕಾಣುತ್ತವೆ. ಒಂದು ಕಾಲಕ್ಕೆ ನಾವು ನಿಂತ ನೆಲವೇ ಬೀದಿಯ ಮಟ್ಟ ಎಂಬುದು ಆಗ ಹೊಳೆಯುತ್ತದೆ. ಆ ಬೀದಿಯಲ್ಲಿ ಮನೆಗಳಿದ್ದುವು, ಮನೆಗಳ ಮುಂದೆ ರಂಗವಲ್ಲಿಯಿತ್ತು, ದಿನಬೆಳಗಾದರೆ ಯಾರೋ ಬಾಗಿಲ ಮುಂದಿನ ಮರಳನ್ನು ಗುಡಿಸುತ್ತಿದ್ದರು.

ಮರುಳೇಶ್ವರನ ಹಳ್ಳದಿಂದ ಮೇಲೆ ಬಂದಾಗ ಗಾಳಿ ಜೋರಾಗಿತ್ತು. ನೈಋತ್ಯದಿಂದ ಬೀಸುವ ಆ ಗಾಳಿಗೆ ಮರಳು ಮೇಲಕ್ಕೆ ಹಾರುವುದಿಲ್ಲ. ನೆಲವನ್ನು ಸವರಿಕೊಂಡು, ಹಾವಿನ ಮರಿಗಳಂತೆ, ಸಣ್ಣ ಸಣ್ಣ ಎಳೆಗಳಾಗಿ ಹರಿದುಬರುತ್ತದೆ. ನಾವು ಬಂದ ಹೆಜ್ಜೆಯ ಗುರುತುಗಳು ನೋಡುತ್ತಿದ್ದಂತೆಯೇ ಅಳಿಸಿಹೋದುವು. ಬಿ. ಎಲ್. ರೈಸರು ಮೈಸೂರು ಸಂಸ್ಥಾನದ ಗೆಜೆಟಿಯರಿನಲ್ಲಿ, ಮರಳು ವರ್ಷಕ್ಕೆ ಒಂಬತ್ತು ಹತ್ತು ಅಡಿಗಳಂತೆ ಊರಿನ ಮೇಲೆ ಏರಿಬರುವುದೆಂದೂ, ಅದೂ ಮುಖ್ಯವಾಗಿ ನೈಋತ್ಯ ಮಾರುತದ ಕಾಲದಲ್ಲಿಯೇ ಎಂದೂ, ನಿವಾಸಿಗಳು ಮನೆಗಳನ್ನು ಬಿಟ್ಟು ಹಿಂದೆ ಹಿಂದೆ ಸರಿಯಬೇಕಾಗುವುದೆಂದೂ ತಿಳಿಸಿದ್ದಾರೆ. ವರ್ಷಕ್ಕೆ ಹತ್ತು ಅಡಿ! ಒಂದು ಮನೆಯ ಅಗಲವೂ ಇಲ್ಲ. ಈ ವರ್ಷ ಜಗುಲಿ, ಬರುವ ವರ್ಷ ನಡುಮನೆ, ಮೂರನೆಯ ವರ್ಷ ಅಡಿಗೆಯ ಮನೆ. ಇಂಥ ವಿಪತ್ತಿಗೆ ಯಾರೂ ಓಡಿಹೋಗುವುದಿಲ್ಲ. ಗುಡಿಸುತ್ತ ಗುಡಿಸುತ್ತ ಇರುತ್ತಾರೆ. ಊರು ಮುಳುಗಿದುದು ಒಂದು ದಿನದಲ್ಲಿ ಅಲ್ಲ, ಹೀಗೆ.

ಜನರ ನೆನಪಾದರೋ ಇದನ್ನು ಒಂದೇ ದಿನಕ್ಕೆ ತಂದು ನಿಲ್ಲಿಸಿದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡಾಗ ವಿಜಯನಗರದ ಪ್ರತಿನಿಧಿಯ ಪತ್ನಿಯಾದ ಅಲಮೇಲಮ್ಮನು ರಂಗನಾಯಕಿಯ ಆಭರಣಗಳೊಡನೆ ಈ ಕಡೆಗೆ ಬಂದಿದ್ದಳೆಂದೂ, ಅವುಗಳಿಗಾಗಿ ಬಂದ ರಾಜಭಟರು ಬೆನ್ನಟ್ಟಲು, ತಲಕಾಡಿಗೆ ಮರಳನ್ನೂ ಮಾಲಂಗಿಗೆ ಮಡುವನ್ನೂ ಮೈಸೂರು ದೊರೆಗಳಿಗೆ ಸಂತಾನಹೀನತೆಯನ್ನೂ ಶಪಿಸಿ ಹೊಳೆಗೆ ಹಾರಿದಳೆಂದೂ ಕಥೆ. ಅರಮನೆಯಲ್ಲಿ ನವರಾತ್ರಿಯ ಕಾಲಕ್ಕೆ ಇಂದಿಗೂ ಆಕೆಗೆ ಪೂಜೆ ಸಲ್ಲುತ್ತದೆ. ಮೈಸೂರಿನ ರಾಜಮನೆತನದಲ್ಲಿ ದತ್ತುಗಳು ಮತ್ತೆ ಮತ್ತೆ ಆದುದರಿಂದ ಜನರಿಗೆ ಶಾಪದಲ್ಲಿ ನಂಬಿಕೆ ಬೆಳೆಯಿತು. 2015ರಲ್ಲಿ ದತ್ತುವಾದ ಯದುವೀರರಿಗೆ 2017ರಲ್ಲಿ ಪುತ್ರಜನನವಾದಾಗ ಶಾಪ ತೀರಿತೆಂದು ಪತ್ರಿಕೆಗಳೂ ಬರೆದುವು.

ವಿದ್ವಾಂಸರು ಹೇಳುವ ಕಾರಣ ಬೇರೆ. ವಿಜಯನಗರದ ಕಾಲದಲ್ಲಿ, ಹದಿನಾಲ್ಕನೆಯ ಶತಮಾನದಲ್ಲಿ, ತಲಕಾಡಿನ ಮೇಲುಗಡೆ ಕಾವೇರಿಗೆ ಮಾಧವಮಂತ್ರಿಯ ಅಣೆಕಟ್ಟು ಆಯಿತು. ನೀರು ಕಾಲುವೆಗೆ ತಿರುಗಿದಾಗ ಅಣೆಯ ಕೆಳಗೆ ಹರಿವು ಇಳಿಯಿತು. ಹೊಳೆ ಬಳಸಿ ತಿರುಗುವ ಈ ಸ್ಥಳದಲ್ಲಿ ನೀರು ತಂದು ಸುರಿದ ಮರಳು ಬೇಸಿಗೆಯಲ್ಲಿ ಬರಿದಾಗಿ ಒಣಗಿತು. ದಡದ ಮರಗಳು ಮನುಷ್ಯರ ಕೈಯಲ್ಲಿ ತೀರಿದ್ದುವು. ಆಷಾಢದ ಗಾಳಿಗೆ ತಡೆಯೇ ಇಲ್ಲವಾಯಿತು. ಈ ಲೆಕ್ಕದಲ್ಲಿ ಮರಳಿನ ಬೀಜ ಬಿದ್ದುದು ಶಾಪಕ್ಕಿಂತ ಎರಡು ಶತಮಾನಗಳಿಗೂ ಹಿಂದೆ. ಅಲಮೇಲಮ್ಮನು ಮುಳುಗುತ್ತಿದ್ದ ಊರನ್ನು ಶಪಿಸಿದಳು ಎಂದಾಗಲಿ, ಮುಳುಗಿದ ಊರಿಗೆ ಕಾರಣ ಬೇಕಾಗಿ ಜನರು ಆಕೆಯ ಬಾಯಲ್ಲಿ ಶಾಪವನ್ನಿಟ್ಟರು ಎಂದಾಗಲಿ ಊಹಿಸಬಹುದು.

ಇದನ್ನೆಲ್ಲ ನಾನು ಕೀರ್ತಿನಾರಾಯಣನ ಗುಡಿಯ ನೆರಳಿನಲ್ಲಿ ಕುಳಿತು ಅತ್ತೆಯವರಿಗೆ ವಿವರಿಸಿದೆ. ಅವರು ಮೊಸರನ್ನದ ಡಬ್ಬಿ ಬಿಚ್ಚುತ್ತ ಎಲ್ಲವನ್ನೂ ಕೇಳಿ, “ಅಣೆಕಟ್ಟಿನ ನೀರಿನಲ್ಲಿ ಬೆಳೆದ ಅನ್ನ ಯಾರು ಉಂಡರು?” ಎಂದರು. ಕಾಲುವೆಯ ಕೆಳಗಿನವರೆಲ್ಲ, ಎಂದೆ. “ಈ ಊರಿನವರೂ ಉಂಡರಲ್ಲ?” ಉಂಡಿರಬೇಕು, ಎಂದೆ. “ಹಾಗಾದರೆ ಅದನ್ನ ಶಾಪ ಅನ್ನಬೇಡ. ಉಂಡದ್ದಕ್ಕೆ ಬೆಲೆ ಅನ್ನು. ಆದರೆ ಆ ಹೆಂಗಸನ್ನ ಮಾತ್ರ ಮರೀಬೇಡ. ಗಂಡನ್ನ ಕಳಕೊಂಡು, ಊರು ಕಳಕೊಂಡು, ಹೊಳೆಗೆ ಬಿದ್ದವಳ ಮಾತನ್ನ ಸುಳ್ಳು ಅನ್ನೋದಕ್ಕೆ ಯಾರಿಗೂ ಬಾಯಿ ಬರಲಿಲ್ಲ. ಅದಕ್ಕೇ ಕಥೆ ಉಳೀತು.” ನನ್ನ ಪಾಂಡಿತ್ಯವು ಅಲ್ಲಿಗೆ ಮುಗಿಯಿತು. ಕಾರಣವನ್ನು ಹುಡುಕುವವನಿಗೆ ಅಣೆಕಟ್ಟು ಸಾಕು. ಆದರೆ ಮನುಷ್ಯರು ತಮ್ಮ ಬಾಳಿನಲ್ಲಿ ಹುಡುಕುವುದು ಕಾರಣವನ್ನಷ್ಟೇ ಅಲ್ಲ, ಯಾರಿಗೆ ಅನ್ಯಾಯವಾಯಿತು ಎಂಬುದನ್ನು ಕೂಡ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಊರಿನ ಕಥೆ ಅರ್ಧವಾಗುವುದು.

ಮರಳಿಗೆ ಸೋತ ಊರು ಇದೊಂದೇ ಅಲ್ಲ. ಡೆನ್ಮಾರ್ಕ್ ದೇಶದ ತುದಿಯಲ್ಲಿ ಸ್ಕಾಗೆನ್ ಎಂಬ ಕಡಲತೀರದ ಊರಿನ ಬಳಿ ಸಂತ ಲಾರೆನ್ಸನ ಇಗರ್ಜಿಯಿತ್ತು. ಪ್ರಾರ್ಥನೆಗೆ ಬಂದವರು ಮೊದಲು ಬಾಗಿಲಿನ ಮರಳನ್ನು ತೋಡಿ ಒಳಗೆ ಹೋಗಬೇಕಾಗುತ್ತಿತ್ತಂತೆ. ಕೊನೆಗೆ 1795ರಲ್ಲಿ ಅದನ್ನು ಮುಚ್ಚಿದರು. ಈಗ ಮರಳಿನ ಮೇಲೆ ಅದರ ಗೋಪುರವೊಂದೇ ನಿಂತಿದೆ. ಅಲ್ಲಿಯೂ ಮರಳನ್ನು ತಡೆದುದು ಹುಲ್ಲು ಮತ್ತು ಗಿಡ ನೆಟ್ಟು. ಇಲ್ಲಿಯೂ ನೀಲಗಿರಿ, ಸರ್ವೆ ಮರಗಳನ್ನು ಬೆಳೆಸಿದ ಮೇಲೆ ದಿಬ್ಬಗಳ ನಡೆ ಬಹುಮಟ್ಟಿಗೆ ನಿಂತಿದೆ. ಪುರಾತತ್ತ್ವ ಶೋಧಕರು 1990ರ ದಶಕದಲ್ಲಿ ಇಲ್ಲಿ ಅಗೆದು ಗಂಗರಿಗಿಂತಲೂ ಹಿಂದಿನ ಜನವಸತಿಯ ಕುರುಹುಗಳನ್ನು ಕಂಡರು. ಜೀರ್ಣವಾಗಿದ್ದ ಕೀರ್ತಿನಾರಾಯಣನ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ಮತ್ತೆ ಕಟ್ಟಿದ್ದಾರೆ. ನಾವು ಒರಗಿ ಕುಳಿತಿದ್ದುದು ಹಾಗೆ ಕಟ್ಟಿದ ಕಲ್ಲುಗಳಿಗೇ.

ಕಾಲದ ವಿಚಿತ್ರವೆಂದರೆ, ಒಂದು ರಾಜಧಾನಿಯನ್ನು ನುಂಗಿದ ಮರಳು ಈಗ ಸ್ವತಃ ದುರ್ಲಭವಾದ ಪದಾರ್ಥ. ಪಟ್ಟಣಗಳಲ್ಲಿ ಮನೆ ಕಟ್ಟುವವರಿಗೆ ಮರಳು ಸಾಲದೆ ನಮ್ಮ ಹೊಳೆಗಳ ಒಡಲನ್ನು ಕಾನೂನನ್ನು ಮೀರಿ ತೋಡುವವರಿದ್ದಾರೆ. ಅದೂ ಸಾಲದೆ ಕಲ್ಲನ್ನು ಪುಡಿಮಾಡಿ ‘ಎಂ ಸ್ಯಾಂಡ್’ ಎಂದು ಮಾರುತ್ತಾರೆ. ಅಂದು ಮರಳು ಏರಿಬಂದು ಮನೆಗಳು ಹೋದುವು. ಇಂದು ಮನೆಗಳಿಗಾಗಿ ಮರಳು ಹೋಗುತ್ತಿದೆ. ಹೊಳೆಗೆ ನಾವು ಮಾಡುವುದರ ಲೆಕ್ಕವನ್ನು ಹೊಳೆ ಕೂಡಲೇ ಒಪ್ಪಿಸುವುದಿಲ್ಲ. ಅದು ಒಪ್ಪಿಸುವುದು ವರ್ಷಕ್ಕೆ ಹತ್ತು ಅಡಿಯಂತೆ, ಮೊಮ್ಮಕ್ಕಳ ಕಾಲದಲ್ಲಿ. ಆಗ ಅವರು ಯಾವ ಹೆಸರಿನ ಶಾಪವನ್ನು ಕಟ್ಟುವರೋ!

ಮಧ್ಯಾಹ್ನದ ಮೇಲೆ ಆಟೋರಿಕ್ಷಾ ಮಾಡಿಕೊಂಡು ಅರ್ಕೇಶ್ವರನನ್ನು ನೋಡಿ ಮುಡುಕುತೊರೆಗೆ ಹೋದೆವು. ಬೆಟ್ಟದ ಮೆಟ್ಟಿಲುಗಳನ್ನು ಕಂಡು ಅತ್ತೆಯವರು ಬುಡದ ಕಟ್ಟೆಯ ಮೇಲೆ ಕುಳಿತುಬಿಟ್ಟರು. “ನಾಲ್ಕು ನಾನು ನೋಡಿದೆ, ಐದನೇದು ನೀನು ನೋಡಿ ಬಾ. ನಿನ್ನ ಕಣ್ಣು ನಮ್ಮ ಅಣ್ಣನ ಕಣ್ಣೇ” ಎಂದರು. ನಾನೊಬ್ಬನೇ ಹತ್ತಿ ಮಲ್ಲಿಕಾರ್ಜುನನಿಗೆ ಅವರ ಹೆಸರಿನಲ್ಲಿ ಅರ್ಚನೆ ಮಾಡಿಸಿದೆನು. ಗುಡಿಯ ಹೊರಗೆ ನಿಂತರೆ ಕಾವೇರಿಯ ತಿರುವು, ಅದರ ಆಚೆ ಈಚೆಯ ಹಸಿರು ಬಯಲು, ಮರಗಳ ನಡುವೆ ಬಿಳುಪಾಗಿ ಇಣುಕುವ ದಿಬ್ಬಗಳು ಒಂದೇ ನೋಟಕ್ಕೆ ಕಾಣುವುವು. ಹಸಿರೂ ಆ ಬಿಳುಪೂ ಒಂದೇ ಹೊಳೆಯ ಮಕ್ಕಳೆಂಬುದು ಅಲ್ಲಿಂದ ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ. ಇಳಿದು ಬಂದು ಕುಂಕುಮ ಕೊಟ್ಟೆ. ಅವರು ಅದನ್ನು ಕಣ್ಣಿಗೆ ಒತ್ತಿಕೊಂಡು, “ಜಾತ್ರೇಲಿ ಬಂದಿದ್ದರೆ ನನ್ನನ್ನ ಯಾರಾದರೂ ಎತ್ತಿಕೊಂಡು ಓಡಬೇಕಾಗಿತ್ತು. ಈವತ್ತು ನನ್ನ ಕಾಲಲ್ಲಿ ನಾನೇ ನಡೆದೆ” ಎಂದರು. ಅವರ ಮುಖದಲ್ಲಿ ಅಂಥ ತೃಪ್ತಿಯನ್ನು ಮಾವನವರು ಹೋದ ಮೇಲೆ ನಾನು ಕಂಡಿರಲಿಲ್ಲ.

ಇದರಿಂದ ಪಂಚಾಂಗದ ಯೋಗಕ್ಕೆ ಬೆಲೆಯಿಲ್ಲವೆಂದು ನಾನು ಸಾಧಿಸಹೊರಟಿಲ್ಲ. ಲಕ್ಷಾಂತರ ಜನರು ಒಂದೇ ದಿನ ಒಂದೇ ದೇವರನ್ನು ನೆನೆಯುವುದು ಸಣ್ಣ ಸಂಗತಿಯಲ್ಲ. ಆದರೆ ಆಯುಸ್ಸು ಯೋಗದ ದಾರಿ ಕಾಯದಿರುವವರಿಗೂ, ಊರೆಂಬುದು ಹೇಗೆ ಬಾಳಿ ಹೇಗೆ ಅಳಿಯುವುದೆಂದು ತಿಳಿಯಬಯಸುವವರಿಗೂ ಆಷಾಢವೇ ಮೇಲು. ಹೋಗುವ ವಾಚಕರು ಗಾಳಿಗೆ ಹೊದೆಯಲೊಂದು ಬಟ್ಟೆಯನ್ನೂ ಕುಡಿಯುವ ನೀರನ್ನೂ ಒಯ್ಯತಕ್ಕದ್ದು. ಹೊಳೆ ಎಷ್ಟು ಸಣ್ಣಗೆ ಕಂಡರೂ ಆಳಕ್ಕೆ ಇಳಿಯಬಾರದು, ಸುಳಿಗಳಿಗೆ ಈಜು ಬಲ್ಲವರೂ ಸಿಕ್ಕಿ ಸತ್ತಿದ್ದಾರೆ. ಹಣ್ಣುಕಾಯಿಯನ್ನು ತೆರೆದಿರುವ ಒಂದೆರಡು ಅಂಗಡಿಗಳಲ್ಲಿಯೇ ಕೊಳ್ಳಬೇಕು, ಆ ಮಾಸದಲ್ಲಿ ಅವರಿಗೆ ಗಿರಾಕಿಗಳಿರುವುದಿಲ್ಲ. ಅತ್ತೆಯವರು ಮಾತ್ರ ಯುಗಾದಿಯ ದಿನ ಕಾರ್ತಿಕದ ಅಮಾವಾಸ್ಯೆ ಯಾವ ವಾರವೆಂದು ಕೇಳುವುದನ್ನು ಬಿಟ್ಟಿಲ್ಲ. ಹರಕೆ ತೀರಿತಲ್ಲ ಎಂದರೆ, “ಜಾತ್ರೆ ಹೇಗಿರುತ್ತದೆ ಅಂತ ನೋಡಬೇಡವೇ?” ಎನ್ನುತ್ತಾರೆ.